ಮರಿಟ್ ಗೊಂಬೆಯಾಟವನ್ನು ಇಷ್ಟಪಟ್ಟ ಕಥೆ

ಅಯೋವಾದ ನಮ್ಮ ಕಾಲೇಜಿನಲ್ಲಿ, ಮುಂದೆ ಮೆಡಿಕಲ್ ಓದಬೇಕೆನ್ನುವ ಮಕ್ಕಳಿಗೆ ದಾರಿ ತೋರಿಸಲಿಕ್ಕೆಂದೇ ಪ್ರೆಸ್ಕಾಟ್ ಎಂಬ ಮಹಾನುಭಾವರಿದ್ದಾರೆ. ಅವರ ಬಾಗಿಲ ಹೊರಗೆ ಮೇಜು ಹಾಕಿಕೊಂಡು ಕೂತಿರುವವಳು ನಾನು, ಲೊರೇನ್. ಇಪ್ಪತ್ತೆರಡು ವರ್ಷದಿಂದ ಅವರ ಉಪದೇಶ ಕೇಳಿ ಕೇಳಿ ಕಿವಿ ತೂತಾಗಿದೆ. ಮೆಡಿಕಲ್‌ಗೆ ಮುಂಚೆ ಇಲ್ಲಿ ನಾಲ್ಕು ವರ್ಷ ಒಂದು ಮುಖ್ಯ ವಿಷಯ ಓದಬೇಕು. ಯಾವುದನ್ನು ಆರಿಸಿಕೊಳ್ಳುವುದೆಂಬುದೇ ಮಕ್ಕಳಿಗೆಲ್ಲ ತಲೆನೋವು.

ಮರಿಟ್ ಹಾಲ್ವರ್ಸನ್‌ಗೆ ಆ ತಲೆನೋವು ಇರಲಿಲ್ಲ. ಜೋಳದ ಹೊಲದವರ ಮಗಳು. ಹೊಂಡದ ಕಪ್ಪೆ ಹಿಡಿದು, ಅದರ ಎದೆಬಡಿತ ಎಣಿಸಿ, ಮತ್ತೆ ನೀರಿಗೆ ಬಿಡುತ್ತಾ ಬೆಳೆದವಳು.

"ಬಯಾಲಜಿ ಅಂತ ಬರ್ಕೊಳ್ಳಿ ಸಾರ್," ಅಂದಳು.

"ಇಷ್ಟವಾದದ್ದನ್ನೇ ಓದಮ್ಮ," ಅಂದರು ಪ್ರೆಸ್ಕಾಟ್.

"ಬಯಾಲಜಿನೇ ಇಷ್ಟ ಸಾರ್."

"ಅದು ಎಲ್ರಿಗೂ ಇಷ್ಟ! ಸಾವಿರ ಅರ್ಜಿ ಮಧ್ಯೆ ನೀನು ಎದ್ದು ಕಾಣಬೇಡ್ವಾ? ಹೋಗು, ಬೇರೆ ಏನಾದ್ರೂ ಇಷ್ಟಪಡು."

ಪಾಪ, ಹುಡುಗಿ ಬೇರೆ ಏನನ್ನಾದರೂ ಇಷ್ಟಪಡಲು ಒಂದು ವಾರ ಒದ್ದಾಡಿದಳು. ಕೊನೆಗೆ ಬಂದು ಗೊಂಬೆಯಾಟ ಅಂದಳು. ಪ್ರೆಸ್ಕಾಟ್ ಕುರ್ಚಿಯಿಂದ ಎದ್ದು ಕೈ ಕುಲುಕಿದರು. ಮೆಡಿಕಲ್‌ಗೆ ಬೇಕೇ ಬೇಕಾದ ವಿಜ್ಞಾನದ ಕ್ಲಾಸುಗಳನ್ನು ಮುಗಿಸಿ, ಉಳಿದ ಹೊತ್ತೆಲ್ಲ ಬಟ್ಟೆಗೆ ಹತ್ತಿ ತುಂಬುತ್ತಾ ನಾಲ್ಕು ವರ್ಷ ಕಳೆದಳು. ಬಯಾಲಜಿ ಕಟ್ಟಡದ ಮುಂದೆ ಹಾಯುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದಳು. ನೋಡಿ ನನ್ನ ಕರುಳು ಚುರ್ ಅನ್ನುತ್ತಿತ್ತು.

ಮೆಡಿಕಲ್ ಕಾಲೇಜಿನ ಸಂದರ್ಶನಕ್ಕೆ ಕರೆ ಬಂತು. ಒಂದೇ ಕರೆ. ಕಾಯುವ ಕೋಣೆಯಲ್ಲಿ ಬ್ಯಾಗ್‌ಪೈಪ್ ಊದಲು ಕಲಿತವನೊಬ್ಬ, ಜೇನು ಸಾಕಣೆಯವಳೊಬ್ಬಳು, ಸರ್ಕಸ್ ಓದಿದವನೊಬ್ಬ ಕೂತಿದ್ದರಂತೆ. ಮೂಲೆಯಲ್ಲಿದ್ದ ಡೆಸ್ಮಂಡ್ ಎಂಬುವನು ಮಾತ್ರ ಬಯಾಲಜಿ. ಎಲ್ಲರೂ ಅವನ ಕಡೆ ಅಯ್ಯೋ ಪಾಪ ಎಂದು ನೋಡಿದರು. ಒಳಗೆ ಹೋದವನು ಹಲ್ಲು ಕಿರಿಯುತ್ತಾ ಹೊರಬಂದ.

"'ಬಯಾಲಜಿನಾ? ಅಬ್ಬಾ, ಎಂಥ ಅಪರೂಪ!' ಅಂದ್ರು ಕಣ್ರೋ!"

ಮರಿಟ್ ತಾನೇ ಹೊಲಿದ ಕಪ್ಪೆಗೊಂಬೆ ತೋರಿಸಿದಳು. ಸಂದರ್ಶನಕ್ಕೆ ಕೂತಿದ್ದ ವಯಸ್ಸಾದ ಡಾಕ್ಟರಮ್ಮ ಅದರ ಎದೆಯ ಗುಂಡಿ ಬಿಚ್ಚಿದರೆ ಒಳಗೆ ಮೂರು ಕೋಣೆಯ ಪುಟ್ಟ ಹೃದಯ!

"ಕಪ್ಪೆ ಮೇಲೆ ಇಷ್ಟು ಜೀವ ಇಟ್ಕೊಂಡೋಳು ಬಯಾಲಜಿ ಯಾಕಮ್ಮ ಓದ್ಲಿಲ್ಲ?"

"ನೀವು ನನ್ನನ್ನ ಕರೀಲಿ ಅಂತ," ಅಂದಳಂತೆ ಈ ಪೆದ್ದು ಹುಡುಗಿ.

ಸೀಟು ಡೆಸ್ಮಂಡ್‌ಗೆ ಹೋಯಿತು. ಇವಳಿಗೆ ವಿಷಾದದ ಪತ್ರ ಬಂತು. ಅದನ್ನು ಹಿಡಿದು ನಮ್ಮ ಆಫೀಸಿಗೆ ಬಂದಳು. ಪ್ರೆಸ್ಕಾಟ್ ಓದಿ ತಲೆಯಾಡಿಸಿದರು.

"ಮೊದಲನೇ ದಿನಾನೇ ಬಡ್ಕೊಂಡೆ, ಇಷ್ಟವಾದದ್ದನ್ನೇ ಓದು ಅಂತ. ನೀವು ಮಕ್ಕಳು ಹೇಳಿದ ಮಾತು ಎಲ್ಲಿ ಕೇಳ್ತೀರಿ!"

ಥೂ, ಏನು ಜನವಪ್ಪಾ! ನನಗೆ ಮೈಯೆಲ್ಲ ಉರಿದುಹೋಯಿತು. ಮರಿಟ್ ಹೊರಗೆ ಬಂದು ನನ್ನ ಮೇಜಿನ ಮುಂದೆ ನಿಂತಳು.

"ಲೊರೇನ್ ಆಂಟಿ, ಅವತ್ತು ನೀವೂ ಕೇಳಿಸ್ಕೊಂಡ್ರಿ ಅಲ್ವಾ?"

ಕೇಳಿಸಿಕೊಂಡಿದ್ದೆ. ಅವಳ ಫಾರಮ್ಮಿನಲ್ಲಿ ಬಯಾಲಜಿ ಅಳಿಸಿ ಗೊಂಬೆಯಾಟ ಎಂದು ಟೈಪು ಮಾಡಿದವಳು ನಾನೇ.