ನಾಲ್ಬೆರಳು ಮೇಸ್ತ್ರಿ ಆರಿಸಿದ ಪ್ಯಾಡು

ಗ್ಯಾರೇಜಿನಲ್ಲಿ ಅವನನ್ನು ನಾಲ್ಬೆರಳು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಕೈಯಲ್ಲಿ ಐದು ಬೆರಳೂ ನೆಟ್ಟಗಿದ್ದವು. ಯಾವ ಕಾರನ್ನೇ ಆಗಲಿ ಜಾಕಿನಿಂದ ನಾಲ್ಕು ಬೆರಳಿನಷ್ಟು ಎತ್ತಿ ನಿಲ್ಲಿಸುತ್ತಿದ್ದ, ಸೊಂಟದಿಂದ ಒಮ್ಮೆ ಗುದ್ದುತ್ತಿದ್ದ, ಜಾಕು ಜಾರುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದ, ಆಮೇಲೆ ಪೂರ್ತಿ ಎತ್ತುತ್ತಿದ್ದ. ಅದಕ್ಕೆ ಆ ಹೆಸರು. ಮ್ಯಾನೇಜರು ಗಡಿಯಾರ ತೋರಿಸಿ ಹಲ್ಲು ಕಡಿದರೂ ಗುದ್ದು ತಪ್ಪುತ್ತಿರಲಿಲ್ಲ. ಹಿಂದೆ ನಾವು ಗ್ಯಾರೇಜು ಕೆಲಸಗಾರರು ಹನ್ನೊಂದು ದಿನ ಗೇಟಿನ ಮುಂದೆ ಮುಷ್ಕರ ಕೂತು ಗೆದ್ದದ್ದು ಎರಡೇ: ಕುಡಿಯುವ ನೀರು, ಮತ್ತು ಈ ಗುದ್ದಿಗೆ ಬೇಕಾದಷ್ಟು ಸಮಯ. ನೀರಿನ ನಲ್ಲಿ ಎರಡೇ ವರ್ಷಕ್ಕೆ ಕೆಟ್ಟಿತು. ಗುದ್ದು ಅವನೊಬ್ಬನಲ್ಲಿ ಉಳಿಯಿತು.

ಹೆಂಡತಿಯ ತಮ್ಮನನ್ನು ಅದೇ ಗ್ಯಾರೇಜಿಗೆ ಸೇರಿಸಿದವನೂ ಅವನೇ. ಬಾಮೈದನ ಕೈ ಚುರುಕು, ಬಾಯಿ ಇನ್ನೂ ಚುರುಕು.

“ಭಾವ, ನೀವು ಗುದ್ದೋ ಹೊತ್ತಿಗೆ ನಾನು ಎರಡು ಚಕ್ರ ಬಿಚ್ಚಿರ್ತೀನಿ.”

“ಬಿಚ್ಚಪ್ಪ. ಕಾರು ನಿನ್ನ ಮೇಲೆ ಕೂತಾಗ ನಿಮ್ಮಕ್ಕನಿಗೆ ನಾನೇ ಹೋಗಿ ಹೇಳ್ಬೇಕಲ್ಲ, ಅದೇ ಬೇಜಾರು.”

ಎಲೆಕ್ಟ್ರಿಕ್ ಕಾರುಗಳು ಬರತೊಡಗಿದಾಗ ಮೇಸ್ತ್ರಿ ಮೊದಲು ಮಾಡಿದ್ದು ನೆಲದ ಮೇಲೆ ಅಂಗಾತ ಮಲಗಿ ಅವುಗಳ ಹೊಟ್ಟೆ ನೋಡಿದ್ದು. ಹೊಟ್ಟೆ ತುಂಬ ಬ್ಯಾಟರಿ. ಅಂಚಿನಲ್ಲಿ ಚಕ್ರಕ್ಕೊಂದರಂತೆ ನಾಲ್ಕು ತೂತು. ಎತ್ತುವುದಾದರೆ ಅಲ್ಲೇ ಎತ್ತಬೇಕು, ಜಾಕಿನ ತಲೆಗೂ ತೂತಿಗೂ ನಡುವೆ ರಬ್ಬರ್ ಪ್ಯಾಡು ಕೊಡಬೇಕು. ಬೇರೆ ಗ್ಯಾರೇಜಿನ ಗೆಳೆಯನಿಂದ ಒಂದು ಪ್ಯಾಡು ತಂದು ಮ್ಯಾನೇಜರಿಗೆ ತೋರಿಸಿದ.

“ನೋಡಿ ಸಾರ್, ಪ್ಯಾಡಿನ ನೆತ್ತಿಯ ಈ ಗೂಟ ತೂತಿನೊಳಗೆ ಪೂರ್ತಿ ಹೋಗ್ಬೇಕು. ಗೂಟಕ್ಕೆ ಈ ರಬ್ಬರ್ ಉಂಗುರ ಇರ್ಬೇಕು, ಕೈ ಬಿಟ್ರೂ ಬೀಳದೆ ಕಚ್ಕೊಂಡಿರುತ್ತೆ. ಇಷ್ಟು ದಪ್ಪ ಇದ್ರೆ ಜಾಕು ಬ್ಯಾಟರಿಗೆ ತಾಗಲ್ಲ. ಉಗುರು ಒತ್ತಿ, ಗುರುತು ಬೀಳುತ್ತಾ ನೋಡಿ.”

“ರಬ್ಬರ್ ತುಂಡಿಗೆ ಇಷ್ಟು ದೊಡ್ಡ ಪುರಾಣವೇನಯ್ಯ?” ಎಂದ ಮ್ಯಾನೇಜರು. ಉಗುರು ಒತ್ತಲಿಲ್ಲ.

ಎಂಟು ದಿನಕ್ಕೆ ಮ್ಯಾನೇಜರು ತರಿಸಿದ ಪ್ಯಾಡಿನ ಡಬ್ಬಿ ಬಂತು. ಸ್ಟೋರಿನವನು ಕಾಗದ ಹಿಡಿದು ಓಡಿಬಂದ. “ಮೇಸ್ತ್ರಿ, ಗಾಡಿಯವನು ಹೊರಡ್ಬೇಕಂತೆ, ಒಂದು ಸಹಿ ಒಗೀರಿ.” ಸಹಿ ಮೊದಲು, ಡಬ್ಬಿ ಬಿಚ್ಚುವುದು ಆಮೇಲೆ, ಅಲ್ಲಿ ಎಂದಿನಿಂದಲೂ ನಡೆದದ್ದೇ ಹಾಗೆ. ಮೇಸ್ತ್ರಿ ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಸಹಿ ಹಾಕಿದ. ಬಿಚ್ಚಿದರೆ ಕೆಂಪಗೆ ಮಿರಿಮಿರಿ ಮಿಂಚುವ ನಾಲ್ಕು ಪ್ಯಾಡು. ಉಗುರು ಬೆಂದ ಆಲೂಗಡ್ಡೆಗೆ ಇಳಿದಂತೆ ಇಳಿಯಿತು. ಗೂಟ ಮೊಂಡು. ಉಂಗುರವೇ ಇಲ್ಲ.

“ವಾಪಸ್ ಕಳಿಸಿ ಸಾರ್. ಭಾರ ಬಿದ್ರೆ ಇವು ಅಪ್ಪಚ್ಚಿಯಾಗಿ ಪಕ್ಕಕ್ಕೆ ಜಾರ್ತವೆ.”

“ಆಯ್ತು ಬಿಡು, ನೋಡೋಣ.”

ಬಾಮೈದ ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತಿದ್ದ. ಭಾವನ ಮಾತು ಕೇಳಿ ನಕ್ಕಿದ್ದ ಕೂಡ. ಮೇಸ್ತ್ರಿ ಡಬ್ಬಿಯನ್ನು ಕಪಾಟಿನ ನೆತ್ತಿಗೆ ಎಸೆದು ಸುಮ್ಮನಾದ. ಬಾಯಲ್ಲಿ ಹೇಳಿದ, ಬರೆದು ಕೊಡಲಿಲ್ಲ. ಗೇಟಿನ ಮುಂದೆ ಕೂತಿದ್ದಾಗ ‘ಏನೇ ಆದ್ರೂ ಬರವಣಿಗೆಯಲ್ಲಿ ಇಸ್ಕೊಳ್ಳಿ’ ಎಂದು ನಮಗೆಲ್ಲ ಬುದ್ಧಿ ಹೇಳಿದ್ದ ಮನುಷ್ಯ ಇವನೇ.

ಅವನ ವಾರದ ರಜೆಯ ದಿನ ಒಬ್ಬ ಗಿರಾಕಿ ಅವಸರ ಮಾಡಿದ. ಮ್ಯಾನೇಜರು ತಾನೇ ಆ ಡಬ್ಬಿ ಇಳಿಸಿಕೊಟ್ಟ. ಬಾಮೈದ ಒಂದೇ ಉಸಿರಿಗೆ ಕಾರು ಎತ್ತಿದ, ಗುದ್ದಲಿಲ್ಲ. ಹಿಂದಿನ ಚಕ್ರ ಬಿಚ್ಚಿ ಪಕ್ಕಕ್ಕಿಡುವಾಗ ಪ್ಯಾಡು ಹಿಂಡಿಕೊಂಡು ಚಿಮ್ಮಿತು. ಜಾಕಿನ ತಲೆ ಬ್ಯಾಟರಿಗೆ ನುಗ್ಗಿತು. ಚಕ್ರವಿಲ್ಲದ ಬ್ರೇಕಿನ ತಟ್ಟೆ ಅವನ ಎಡಪಾದದ ಮೇಲೆ ಕೂತಿತು. ಎರಡು ಬೆರಳು ಹೋದವು.

ವಿಚಾರಣೆ ನಡೆದದ್ದು ಮಾಲೀಕನ ಕೋಣೆಯಲ್ಲಿ. ಮ್ಯಾನೇಜರು ಮೇಜಿನ ಮೇಲೆ ಆ ಕಾಗದ ಇಟ್ಟ. “ಪ್ಯಾಡ್ ಆರಿಸಿದ್ದು ಇವನೇ ಸಾರ್. ಸಹಿ ನೋಡಿ.”

“ಅದು ಡಬ್ಬಿ ಬಂತು ಅನ್ನೋದಕ್ಕೆ ಹಾಕಿದ ಸಹಿ. ನಾನು ಬೇಡ ಅಂದಿದ್ದೆ,” ಎಂದ ಮೇಸ್ತ್ರಿ.

ಮಾಲೀಕ ಸ್ಟೂಲಿನ ಮೇಲೆ ಕೂತಿದ್ದ ಬಾಮೈದನ ಕಡೆ ತಿರುಗಿದ. “ಬೇಡ ಅಂದಿದ್ದನ್ನ ನೀನು ಕೇಳಿದ್ದೀಯೇನಪ್ಪ?”

ಮೇಸ್ತ್ರಿ ಅವನನ್ನು ನೋಡಿದ. ಅವನು ತನ್ನ ಕಾಲಿನ ಬ್ಯಾಂಡೇಜು ನೋಡಿಕೊಂಡ. “ನನಗೆ ನೆನಪಿಲ್ಲ ಸಾರ್.”

ಇಪ್ಪತ್ತಾರು ವರ್ಷದ ಕೆಲಸ ಆ ಮೂರು ಮಾತಿಗೆ ಮುಗಿಯಿತು. ಕೆಲಸಗಾರರ ಸಂಘದವರು ‘ಭಾವ-ಬಾಮೈದರ ಜಗಳ ನಮಗ್ಯಾಕೆ’ ಎಂದು ಜಾರಿಕೊಂಡರು. ಆ ಸಂಘಕ್ಕೆ ಮನೆಮನೆ ತಿರುಗಿ ಜನ ಸೇರಿಸಿದವರಲ್ಲಿ ನಾನೂ ಒಬ್ಬ. ಉಗಿಯುವವರು ನನ್ನ ಮುಖಕ್ಕೂ ಉಗಿಯಲಿ. ಮನೆಯಲ್ಲಿ ಮೇಸ್ತ್ರಿಯ ಹೆಂಡತಿ, “ಅವನು ಕುಂಟ ಆಗಿ ಕೂತಿದಾನೆ, ನೀವು ಅವನ ಮೇಲೇ ಮುನಿಸ್ಕೊಂಡ್ರೆ ಹೇಗೆ?” ಎಂದಳಂತೆ.

“ನಾನು ನೆಟ್ಟಗೆ ನಡೀತಿದೀನಲ್ಲ, ಅದು ನನ್ನದೇ ತಪ್ಪು,” ಎಂದನಂತೆ.

ಈಗ ಅವನು ರಸ್ತೆ ಪಕ್ಕದ ಒಂದು ಗೋಡೆ ಬದಿಯಲ್ಲಿ ತಗಡು ಹೊದಿಸಿಕೊಂಡು ಪಂಕ್ಚರ್ ಹಾಕುತ್ತಾನೆ. ಮೊನ್ನೆ ನಾನು ಅಲ್ಲಿ ಕೂತಿದ್ದಾಗ ಬಾಮೈದ ಕುಂಟುತ್ತ ಬಂದ. ಮೇಸ್ತ್ರಿಯ ಜಾಗಕ್ಕೆ ಗ್ಯಾರೇಜಿನವರು ಅವನನ್ನೇ ಹಾಕಿದ್ದಾರೆ.

“ಭಾವ, ಹೊಸ ಪ್ಯಾಡ್ ತರಿಸ್ಬೇಕಂತೆ. ನೀವು ಅವತ್ತು ಹೇಳಿದ್ರಲ್ಲ, ಅದು ಯಾವುದು?”

“ನೆನಪು ಬಂತಾ?” ಎಂದ ಮೇಸ್ತ್ರಿ.

ಬಾಮೈದ ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕಿ ನಿಂತ. ಮೇಸ್ತ್ರಿ ಕೂರು ಎನ್ನಲಿಲ್ಲ. ಸಾಮಾನಿನ ಪೆಟ್ಟಿಗೆಯ ತಳದಿಂದ, ಅಂದು ಗೆಳೆಯನಿಂದ ತಂದಿದ್ದ ಹಳೆಯ ಪ್ಯಾಡು ತೆಗೆದು, ಹೆಬ್ಬೆರಳಿನ ಉಗುರು ಒತ್ತಿ ತೋರಿಸಿ, ಅವನ ಕೈಗೆ ತುರುಕಿದ.

“ಗೂಟ, ಉಂಗುರ, ದಪ್ಪ. ನಾಲ್ಕು ಬೆರಳು ಎತ್ತಿ ಗುದ್ದು.”

“ನನ್ಮೇಲೆ ಸಿಟ್ಟಿಲ್ಲ ತಾನೇ ಭಾವ?”

ಮೇಸ್ತ್ರಿ ಟ್ಯೂಬನ್ನು ನೀರಿಗದ್ದಿ ಗುಳ್ಳೆ ಹುಡುಕತೊಡಗಿದ. “ಡಬ್ಬಿ ಬಿಚ್ಚದೆ ಸಹಿ ಹಾಕ್ಬೇಡ. ನಿನ್ನ ಹೆಂಡ್ತಿ ತಮ್ಮನೂ ಈಗ ಅಲ್ಲೇ ಸೇರಿದಾನಂತಲ್ಲ.”