ರೆಪ್ಪೆ ಇಲ್ಲದ ಜೀವಕ್ಕೊಂದು ಪೆಟ್ಟಿಗೆ

ನಾವೆಲ್ಲ ಬು, ಅಂದರೆ ಅಮ್ಮ, ಎಂದು ಕರೆಯುವ ಪೊನಿಯಾ ಹಾವು ಸಾಕುವವರಿಗೆ ಪೆಟ್ಟಿಗೆ ಮಾಡುವ ಹೆಂಗಸು, ಆದರೆ ಹಾವು ಕಂಡರೆ ಅವಳಿಗೆ ಜೀವ ಬಾಯಿಗೆ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವಳ ಪೆಟ್ಟಿಗೆಯಿಂದ ಹಾವುಗಳು ಸತ್ತವೆಂದು ಊರೆಲ್ಲ ಆಡಿಕೊಂಡಾಗ, ಈ ಭಯವನ್ನೂ ಅವಳ ವಿರುದ್ಧ ಸಾಕ್ಷಿಗೆ ಸೇರಿಸಿದ ಪುಣ್ಯಾತ್ಮರು ನಮ್ಮ ಕೇರಿಯಲ್ಲೇ ಇದ್ದಾರೆ. ನಾನು ಪಕ್ಕದ ಮನೆಯವಳು. ಜಾವಾದ ಮಲಾಂಗ್ ಊರಾಚೆಯ ಈ ಕೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಸೋಯಾ ಕಾಳಿನ ತೆಂಪೆ ಬಿಲ್ಲೆ ಕರಿದು ಮಾರುತ್ತಿದ್ದೇನೆ. ನನ್ನ ಒಲೆಯ ಮುಂದೆ ಕೂತರೆ ಅವಳ ಅಂಗಳ ಪೂರ್ತಿ ಕಾಣುತ್ತದೆ. ಅವಳು ಏನು ಮಾಡಿದಳು, ಏನು ಮಾಡಲಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿಲ್ಲ.

ಅವಳ ಗಂಡ ತುಕಿಜೊ ಹಾಡುವ ಹಕ್ಕಿಗಳಿಗೆ ಬಿದಿರಿನ ಪಂಜರ ಕಟ್ಟುತ್ತಿದ್ದ. ಪ್ರತಿ ಪಂಜರದ ತಳದಲ್ಲಿ ಕಾದ ಕಬ್ಬಿಣದಿಂದ ಒಂದು ಮಲ್ಲಿಗೆ ಮೊಗ್ಗು ಸುಡುತ್ತಿದ್ದ. ಅದೇ ಅವನ ಗುರುತು. ಅವನು ತೀರಿಕೊಂಡ ಮೇಲೆ ಕಬ್ಬಿಣ ಪೊನಿಯಾಳ ಕೈಗೆ ಬಂತು, ಕಸುಬೂ ಬಂತು. ಕಾಲೇಜು ಓದುವ ಅನಿಂದ್ಯಾ ಎಂಬ ಹುಡುಗಿ ಒಂದು ದಿನ ಕೊರಳಿಗೆ ಹೆಬ್ಬಾವಿನ ಮರಿ ಸುತ್ತಿಕೊಂಡು ಬಂದು, ಹಳೆಯ ಪಂಜರವೊಂದನ್ನು ಇದಕ್ಕೆ ಸರಿಮಾಡಿಕೊಡಿ ಎಂದಳು. ಹಾವಿನ ಹೆಸರು ಕೆತಾನ್. ಅಂಟಕ್ಕಿ ಅನ್ನದ ಉಂಡೆಯ ಹಾಗೆ ಮುದುಡಿ ಕೂರುತ್ತಿದ್ದುದರಿಂದ ಆ ಹೆಸರು. ಪೊನಿಯಾ ಅಂಗಳದ ಆ ತುದಿಗೆ ಓಡಿ, ಅಲ್ಲಿಂದಲೇ ಅಳತೆ ಕೇಳಿದಳು.

ಪಂಜರಕ್ಕೆ ತಂತಿ ಬಲೆ ಹೊಡೆದು ಕೊಟ್ಟಳು. ವಾರ ಕಳೆಯುವುದರೊಳಗೆ ಹಾವು ಬಲೆಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡಿತು. ನಾಚಿಕೆಯಾಗಿ, ಎರಡನೆಯದನ್ನು ತನಗೆ ಗೊತ್ತಿದ್ದ ಅತ್ಯುತ್ತಮ ಮರದಲ್ಲೇ ಮಾಡಿದಳು. ನಮ್ಮ ಕಡೆ ಮನೆ ಬಾಗಿಲಿಗೆ ಅನುಕೂಲಸ್ಥರು ಹಾಕಿಸುವುದು ಕಾಂಪರ್ ಮರ. ಗೆದ್ದಲು ಹತ್ತಿರ ಸುಳಿಯುವುದಿಲ್ಲ, ಹತ್ತು ವರ್ಷವಾದರೂ ಕರ್ಪೂರದ ಹಾಗೆ ಘಮ್ಮೆನ್ನುತ್ತದೆ. ಕೆತಾನ್ ಆ ಪೆಟ್ಟಿಗೆಯಲ್ಲಿ ಎರಡೇ ದಿನಕ್ಕೆ ಬಾಯಿ ತೆರೆದು ಏದುಸಿರು ಬಿಟ್ಟಿತು. ಅನಿಂದ್ಯಾ ಅದನ್ನೂ ಪೆಟ್ಟಿಗೆಯನ್ನೂ ಎತ್ತಿಕೊಂಡು ಓಡಿಬಂದಾಗ, ಪೊನಿಯಾ ಖಾಲಿ ಪೆಟ್ಟಿಗೆಯೊಳಗೆ ತನ್ನ ತಲೆಯನ್ನೇ ತೂರಿಸಿ ಕೂತಳು. ಹೊರಬಂದಾಗ ಕಣ್ಣು ಕೆಂಪಗಾಗಿತ್ತು.

"ನಾವಾದ್ರೆ ಕಣ್ಣು ಮುಚ್ಕೋತೀವಿ," ಎಂದಳು. "ಅದಕ್ಕೆ ರೆಪ್ಪೇನೇ ಇಲ್ವಲ್ಲೇ. ಮುಚ್ಕೋ ಅಂದ್ರೆ ಹೆಂಗೆ ಮುಚ್ಕೊಳುತ್ತೆ?"

ಹೊರಗಿನ ಗಾಳಿಗೆ ಕೆತಾನ್ ಚೇತರಿಸಿಕೊಂಡಿತು. ಅಂದಿನಿಂದ ಅವಳ ಕಸುಬು ಬೇರೆಯೇ ಆಯಿತು. ಮಹಾಗನಿ ಹಲಗೆಗಳನ್ನು ಹಳೆಯ ಕಾಲದವರ ಹಾಗೆ ಮೀನಿನ ಹೊಂಡದಲ್ಲಿ ಆರು ತಿಂಗಳು ಮುಳುಗಿಸಿಡುವುದು. ಹುಳ ಹಿಡಿಯದಿರಲು ಅಷ್ಟೇ ಸಾಕು, ಗೆದ್ದಲೆಣ್ಣೆಯ ಒಂದು ತೊಟ್ಟೂ ಇಲ್ಲ. ಬಲೆಯ ಬದಲು ದುಂಡು ತೂತು ಕೊರೆದು, ಅಂಚನ್ನು ಬೆರಳಿಗೆ ತಾಕದಷ್ಟು ನಯವಾಗಿ ಉಜ್ಜುವುದು. ಅಂಟುಪಟ್ಟಿ ಎಲ್ಲೂ ಹಚ್ಚುವಂತಿಲ್ಲ, ಹಾವಿನ ಚರ್ಮ ಕಿತ್ತುಬರುತ್ತದೆ. ಗಾಜು ಕೂರಿಸಲು ಮೀನಿನ ತೊಟ್ಟಿಗೆ ಬಳಸುವ ಅಂಟು, ಅದೂ ಪೂರ್ತಿ ಒಣಗಿ ವಾಸನೆ ಸತ್ತ ಮೇಲೆ. ಒಳಗೆ ಮೆರುಗೆಣ್ಣೆ ಇಲ್ಲವೇ ಇಲ್ಲ. ಕೊನೆಗೆ ಪೆಟ್ಟಿಗೆಯನ್ನು ಮೂರು ವಾರ ಬಿಸಿಲಿಗಿಟ್ಟು, ಒಳಗೆ ತಲೆಯಿಟ್ಟು ನೂರು ಎಣಿಸುವುದು. ಕಣ್ಣು ಚುರ್ ಎಂದರೆ ಮತ್ತೆ ಬಿಸಿಲಿಗೆ. ನೂರು ಮುಟ್ಟಿದ ಮೇಲಷ್ಟೇ ಮಲ್ಲಿಗೆ ಮೊಗ್ಗು. ಕೇರಿಯವರು ಅವಳನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹೆಸರು ಹಬ್ಬಿತು. ಪೇಟೆಯಲ್ಲಿ ಸಾಕುಪ್ರಾಣಿ ಅಂಗಡಿ ಇಟ್ಟ ಗುನಾದಿ ಬಂದು, ನೀವು ಮಾಡಿದ್ದನ್ನೆಲ್ಲ ನಾನೇ ಕೊಳ್ಳುತ್ತೇನೆ ಎಂದ. ಅವಳು ನಂಬಿದಳು. ಅವನು ಪೆಟ್ಟಿಗೆ ಒಯ್ದು ಏನು ಮಾಡುತ್ತಿದ್ದ ಗೊತ್ತೇ? ನಮಗೂ ಅದು ತಿಳಿದದ್ದು ಬಹಳ ತಡವಾಗಿ. ಮಂಕಾದ ಮರ ಗಿರಾಕಿಗಳ ಕಣ್ಣಿಗೆ ಹಿಡಿಸುವುದಿಲ್ಲವೆಂದು ಒಳಗೂ ಹೊರಗೂ ಫಳಫಳ ಮೆರುಗೆಣ್ಣೆ ಬಳಿಸುತ್ತಿದ್ದ. ಅದರ ಕೆಳಗೆ ಗೆದ್ದಲೆಣ್ಣೆಯ ಒಂದು ಕೈ. ವಾಸನೆ ಅಡಗಲೆಂದು ತಳಕ್ಕೆ ಕಾಂಪರ್ ಮರದ ಹೊಟ್ಟು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎನ್ನುವುದು ಇಂಥವರನ್ನು ನೋಡಿಯೇ. ಆದರೆ ಮಲ್ಲಿಗೆ ಮೊಗ್ಗನ್ನು ಮಾತ್ರ ಜೋಪಾನವಾಗಿ ಹಾಗೇ ಬಿಡುತ್ತಿದ್ದ. ವ್ಯಾಪಾರ ನಡೆಯುತ್ತಿದ್ದುದು ಅದರಿಂದಲ್ಲವೇ.

ಒಂದೇ ತಿಂಗಳಲ್ಲಿ ಮೂರು ಹಾವು ಸತ್ತವು. ಮೂರನೆಯದು ಕೆತಾನ್. ಅದು ದೊಡ್ಡದಾಗಿತ್ತೆಂದು ಅನಿಂದ್ಯಾ ಹೊಸ ಪೆಟ್ಟಿಗೆಯನ್ನು ಗುನಾದಿಯ ಅಂಗಡಿಯಿಂದ ತಂದಿದ್ದಳು. ಮೊಗ್ಗು ನೋಡಿಯೇ ತಂದಿದ್ದಳು, ಪಾಪ. ಕೇಳಲು ಹೋದವರಿಗೆಲ್ಲ ಗುನಾದಿ ಒಂದೇ ಮಾತು ಹೇಳಿದ: ಮುದುಕಿ ಹೊಂಡದಲ್ಲಿ ಕೊಳೆಸಿದ ಮರ, ಒಳಗೆಲ್ಲ ಬೂಷ್ಟು, ಅದೇ ಕೊಂದಿದ್ದು. ಫೋನಿನಲ್ಲಿ ಹಾವು ಸಾಕುವವರ ಗುಂಪುಗಳಲ್ಲೆಲ್ಲ ಮಲ್ಲಿಗೆ ಮೊಗ್ಗಿನ ಚಿತ್ರ ಹರಿದಾಡಿತು, ಕೆಳಗೆ ಬಾಯಿಗೆ ಬಂದ ಬೈಗುಳ. ಪೊನಿಯಾ ನನ್ನ ಒಲೆಯ ಮುಂದೆ ಕೂತು ಅದನ್ನು ನನ್ನಿಂದ ಓದಿಸಿ ಕೇಳಿದಳು. ಅಳಲಿಲ್ಲ. ತುಕಿಜೊನ ಮೊಗ್ಗಿಗೆ ಇಂಥ ಮಾತು ಕೇಳಿಸಿದೆನಲ್ಲ ಎಂದಷ್ಟೇ ಅಂದಳು.

ಕೇರಿಯ ಮುಖಂಡ ಮುಹರ್, ಮರ್ಯಾದೆಗೆ ಪಾಕ್ ಮುಹರ್ ಎನ್ನುತ್ತೇವೆ, ಭಾನುವಾರ ಮಧ್ಯಾಹ್ನದ ಮೇಲೆ ತಮ್ಮ ಜಗಲಿಗೆ ಎಲ್ಲರನ್ನೂ ಕರೆಸಿದರು. ಚಾಪೆ, ಚಹಾ, ಬಾಳೆಹಣ್ಣಿನ ಬಜ್ಜಿ. ಗುನಾದಿ ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ತೊಟ್ಟು ಬಂದಿದ್ದ. ಅನಿಂದ್ಯಾ ತನ್ನ ಪೆಟ್ಟಿಗೆಯನ್ನು ಹೊತ್ತು ತಂದು ನಡುವೆ ಇಟ್ಟಳು. ಪೊನಿಯಾ ಮನೆಯಿಂದ ಇನ್ನೊಂದನ್ನು ತಂದಳು, ಇನ್ನೂ ಅಂಗಡಿಗೆ ಹೋಗದ್ದು. ಯಾರೂ ಮಾತು ಶುರುಮಾಡುವ ಮೊದಲೇ ಮಂಡಿಯೂರಿ, ತನ್ನ ಪೆಟ್ಟಿಗೆಯೊಳಗೆ ತಲೆಯಿಟ್ಟು ಗಟ್ಟಿಯಾಗಿ ಎಣಿಸತೊಡಗಿದಳು. ನೂರು ಮುಟ್ಟಿ ಎದ್ದಾಗ ಮುಖ ಬೆವೆತಿತ್ತು, ಕಣ್ಣು ತಿಳಿಯಾಗಿತ್ತು.

"ಈಗ ನೀವು, ಪಾಕ್ ಗುನಾದಿ," ಎಂದಳು, ಅನಿಂದ್ಯಾ ತಂದದ್ದನ್ನು ತೋರಿಸಿ. "ನಂದೇ ಮರ ಅಂತೀರಲ್ಲ. ನಾನು ಎಣಿಸಿದಷ್ಟೇ ಎಣಿಸಿ."

ಅವನು ನಕ್ಕ. ಇದೆಂಥ ಮಕ್ಕಳಾಟ ಎಂದ. ಅನಿಂದ್ಯಾ ಎವೆಯಿಕ್ಕದೆ ಅವನನ್ನೇ ನೋಡುತ್ತಿದ್ದಳು. ಎಲ್ಲರೂ ನೋಡುತ್ತಿದ್ದುದರಿಂದ ಬೇರೆ ದಾರಿ ಕಾಣದೆ ಕೊನೆಗೆ ತಲೆ ತೂರಿಸಿದ. ಹದಿನೇಳಕ್ಕೆ ಕೆಮ್ಮಿದ. ಇಪ್ಪತ್ತೆರಡಕ್ಕೆ ಹೊರಬಂದ. ಕಣ್ಣಿಂದ, ಮೂಗಿಂದ ನೀರು ಸುರಿಯುತ್ತಿತ್ತು, ಇಸ್ತ್ರಿಯ ಅಂಗಿಯ ತೋಳಲ್ಲೇ ಒರೆಸಿಕೊಂಡ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಪಾಕ್ ಮುಹರ್ ಗಂಟಲು ಸರಿಮಾಡಿಕೊಂಡು, ತಪ್ಪು ಇಂಥವರದೇ ಎಂದು ಬೆರಳು ತೋರಿಸುವುದು ನಮ್ಮಲ್ಲಿ ಪದ್ಧತಿಯಲ್ಲ, ಕೇರಿಯಲ್ಲಿ ಹೊಂದಿಕೊಂಡು ಬಾಳಬೇಕು, ಇಬ್ಬರೂ ಒಬ್ಬರನ್ನೊಬ್ಬರು ಕ್ಷಮೆ ಕೇಳಿ ಕೈ ಹಿಡಿದುಬಿಡಿ ಎಂದರು. ಎಲ್ಲರೂ ತಲೆಯಾಡಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರೆ. ಇಲ್ಲಿ ಹಾವು ಸತ್ತೇ ಹೋಗಿತ್ತು. ಇವರು ಕಾಯುತ್ತಿದ್ದದ್ದು ಕೋಲನ್ನು ಮಾತ್ರ. ಕಣ್ಣಾರೆ ಕಂಡ ಮೇಲೂ ಅವಳೇಕೆ ಕ್ಷಮೆ ಕೇಳಬೇಕು? ನಾನು ಬಾಯಿ ತೆಗೆದೆ. ಪಕ್ಕದವಳು ಬಜ್ಜಿಯ ತಟ್ಟೆ ನನ್ನ ಮುಂದೆ ತಳ್ಳಿದಳು.

ಗುನಾದಿ ಒದ್ದೆ ಕೈಯನ್ನು ಮುಂದೆ ಚಾಚಿದ. ಪೊನಿಯಾ ಅದನ್ನು ನೋಡಲೂ ಇಲ್ಲ. ಅನಿಂದ್ಯಾಳ ಮುಂದೆ ಹೋಗಿ ಕೂತಳು.

"ಕ್ಷಮೆ ನಿನ್ನತ್ರ ಕೇಳ್ತೀನಿ, ಮಗಾ. ಮೊಗ್ಗು ಸುಟ್ಟು ಅಂಗಡಿಗೆ ಕಳಿಸ್ಬಿಡ್ತಿದ್ದೆ. ಆಮೇಲೆ ಅದಕ್ಕೇನಾಯ್ತು ಅಂತ ಒಂದ್ ದಿನಾನೂ ಹೋಗಿ ನೋಡ್ಲಿಲ್ಲ. ನೀನು ಆ ಮೊಗ್ಗು ನೋಡಿ ಕೆತಾನ್‌ನ ಒಳಗೆ ಬಿಟ್ಟೆ. ಅದು ನನ್ ತಪ್ಪೇ."

ಸೊಂಟದಿಂದ ಉಳಿ ತೆಗೆದು, ಗುನಾದಿ ಮೆರುಗು ಬಳಿದ ಪೆಟ್ಟಿಗೆಯನ್ನು ಮಗುಚಿ, ಮಲ್ಲಿಗೆ ಮೊಗ್ಗನ್ನು ಅಲ್ಲೇ ಕೆತ್ತಿ ತೆಗೆದಳು. ಗಂಡನ ಗುರುತನ್ನು ಅವಳ ಕೈ ಅಳಿಸಿದ್ದು ಅದೇ ಮೊದಲು. ಚಾಚಿದ ಕೈ ಚಾಚಿಯೇ ಇತ್ತು. ಅವಳು ಎದ್ದು, ಆ ಪೆಟ್ಟಿಗೆಯನ್ನೇ ಹೊತ್ತು ಮನೆಗೆ ಹೋದಳು. ಪೆಟ್ಟಿಗೆಯನ್ನು ಹಿತ್ತಿಲಲ್ಲಿ ಒಡೆದು ಹಾಕಿದಳು. ಒಲೆಗಾದರೂ ಕೊಡು ಎಂದು ನಾನು ಕೇಳಿದರೆ, ಜನ ತಿನ್ನೋ ಎಣ್ಣೆ ಅದರ ಮೇಲೆ ಕಾಯಿಸಬೇಡ ಎಂದಳು.

ಮಾರನೆಯ ದಿನದಿಂದ ಕೇರಿಯ ಅರ್ಧ ಜನ ಅವಳಿಗೆ ಮುಖ ಕೊಡಲಿಲ್ಲ. ಹಿರಿಯರ ಮುಂದೆ ಚಾಚಿದ ಕೈ ಹಿಡಿಯದ ಅಹಂಕಾರಿಯಂತೆ. ಮೂರು ಹಾವು ಕೊಂದವನ ಅಂಗಡಿ ಮಾತ್ರ ಎಂದಿನಂತೆ ನಡೆಯಿತು, ಪಾಕ್ ಮುಹರ್ ಮಗಳ ಮದುವೆಗೆ ಅವನಿಗೆ ಮುಂದಿನ ಸಾಲಿನ ಕುರ್ಚಿ. ಇದನ್ನು ನಾನು ಸಾಯುವವರೆಗೂ ಹೇಳುತ್ತಿರುತ್ತೇನೆ, ಯಾರಿಗೆ ಬೇಸರವಾದರೂ ಆಗಲಿ.

ಪೊನಿಯಾ ಈಗ ಅಂಗಡಿಗಳಿಗೆ ಪೆಟ್ಟಿಗೆ ಕೊಡುವುದಿಲ್ಲ. ಬೇಕಾದವರು ಅವಳ ಅಂಗಳಕ್ಕೇ ಬಂದು, ತಾವೇ ತಲೆಯಿಟ್ಟು ನೂರು ಎಣಿಸಬೇಕು. ಮೊಗ್ಗನ್ನು ಅವರ ಕಣ್ಣೆದುರಿಗೇ ಸುಡುತ್ತಾಳೆ. ಬರುವವರು ಕಡಿಮೆ. ನಾಲ್ಕು ತಿಂಗಳಾದ ಮೇಲೆ ಅನಿಂದ್ಯಾ ಬಂದಳು, ಬಟ್ಟೆಯ ಚೀಲದಲ್ಲಿ ಹೊಸ ಮರಿಯೊಂದಿತ್ತು. ಪೊನಿಯಾ ಎಂದಿನಂತೆ ಅಂಗಳದ ಆ ತುದಿಗೆ ಸರಿದು ನಿಂತಳು. ಹುಡುಗಿ ಪೆಟ್ಟಿಗೆಯೊಳಗೆ ತಲೆಯಿಟ್ಟು ನೂರು ಎಣಿಸಿದಳು, ಆಮೇಲೂ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೆನ್ನೆಯೆಲ್ಲ ಒದ್ದೆ.

"ಕಣ್ಣು ಉರೀತಾ ಮಗಾ?" ಪೊನಿಯಾ ಭಯ ಮರೆತು ಓಡಿಬಂದಳು.

"ಇಲ್ಲ ಬು. ಇದು ಅದಲ್ಲ."

ಪೊನಿಯಾ ಅವಳ ಮುಖವನ್ನೇ ನೋಡಿದಳು. ಅದು ಕೆತಾನ್‌ಗಾಗಿ ಬಂದ ಕಣ್ಣೀರೆಂದು ಅರ್ಥವಾಗದೆ ಇರಲಿಲ್ಲ. ಆದರೂ ಕಬ್ಬಿಣವನ್ನು ಕೆಂಡದಿಂದ ಹೊರಗೆ ತೆಗೆದಿಟ್ಟು, ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ, ಇನ್ನೊಂದು ವಾರಕ್ಕೆಂದು ಬಿಸಿಲಿನಲ್ಲಿಟ್ಟಳು.