ಅರಿಶಿನ ಹಚ್ಚಿದ ಅರ್ಜಿ

ನಮ್ಮ ವಿಶ್ವವಿದ್ಯಾಲಯ ಹೇಗಿದೆ ಎಂದು ಕೇಳಿಕೊಂಡು ಈಗಲೂ ಹುಡುಗಿಯರು ನನ್ನ ಹತ್ತಿರ ಬರುತ್ತಾರೆ. ಜೊತೆಗೆ ಬಂದ ದೊಡ್ಡವರು ತುಟಿ ಕೊಂಕಿಸಿ, “ಧಾರವಾಡದಷ್ಟು ಹೆಸರಿಲ್ಲ ಬಿಡ್ರಿ” ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಹೆಸರಿಲ್ಲದ್ದು ನಿಜ. ಆದರೆ ಹೆಸರಿದ್ದ ಕಡೆಗೆ ನನ್ನನ್ನು ಕಳಿಸುವವರು ಯಾರಿದ್ದರು?

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಹೊಸ ವಿಶ್ವವಿದ್ಯಾಲಯದವರು ಬಳ್ಳಾರಿಯಲ್ಲೂ ಎಂ.ಎ. ತರಗತಿಗಳನ್ನು ತೆರೆದಿದ್ದರು. ಸ್ವಂತ ಕಟ್ಟಡವಿರಲಿಲ್ಲ, ಊರ ಹೊರಗೆ ಯಾರದೋ ಹಳೆಯ ಕಟ್ಟಡದಲ್ಲಿ ನಾಲ್ಕು ಕೋಣೆಗಳು. ಗ್ರಂಥಾಲಯವೆಂದರೆ ಕಚೇರಿಯ ಮೂಲೆಯಲ್ಲಿ ಎರಡು ಬೀರು. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇಲ್ಲ. ಬೇಸಿಗೆಯಲ್ಲಿ ಬೆಂಚು ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಪಾಠ ಹೇಳುವವರು ಮಾತ್ರ ಹಟದ ಮನುಷ್ಯರು. ಸಿರುಗುಪ್ಪದ ಬಸ್ಸು ತಡವಾದರೆ ನಮಗಾಗಿ ಕಾಯುತ್ತಿದ್ದರು. ಇಬ್ಬರೇ ಬಂದ ದಿನವೂ ಬೋರ್ಡಿನ ತುಂಬ ಬರೆದು ಪೂರ್ತಿ ಪಾಠ ಮಾಡುತ್ತಿದ್ದರು. ಸೇರಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ. ಆದರೆ ಆ ನಾಲ್ಕು ಕೋಣೆಗಳೊಳಗೆ ಕಾಲಿಡುವುದಕ್ಕೆ ನಾನು ಏನು ಮಾಡಬೇಕಾಯಿತು ಎಂಬುದನ್ನೂ ಹೇಳುತ್ತೇನೆ.

ನನ್ನ ಊರು ಸಿರುಗುಪ್ಪದ ಹತ್ತಿರದ ದೇಶನೂರು. ಬಳ್ಳಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಎ. ಮುಗಿಸಿ ಊರಿಗೆ ಮರಳಿದ್ದೆ. ಕುರುಗೋಡಿನ ಸೋದರಮಾವ ತಮ್ಮ ಮಗನಿಗಾಗಿ ನಾನು ತೊಟ್ಟಿಲಲ್ಲಿದ್ದಾಗಲೇ ನನ್ನನ್ನು ಕೇಳಿಟ್ಟಿದ್ದರು. ಮಾವನ ಮಗ ಕೆಟ್ಟವನಲ್ಲ. ಆದರೆ ನಾನು ಓದುತ್ತ ಕೂತಿದ್ದರೆ ಕೈಯಲ್ಲಿನ ಪುಸ್ತಕ ಕಸಿದು ಅದರಲ್ಲೇ ಗಾಳಿ ಬೀಸಿಕೊಳ್ಳುವವನು. ಅವನ ಜೊತೆ ಬಾಳುವೆ ನನಗೆ ಬೇಕಿರಲಿಲ್ಲ. ಅತ್ತು ಕರೆದು ಊಟ ಬಿಟ್ಟ ಮೇಲೆ ಅಪ್ಪ ಒಂದು ತೀರ್ಮಾನ ಹೇಳಿದರು: “ಬಳ್ಳಾರಿಯಾಗ ಸೀಟು ಸಿಕ್ರ ಓದು. ಸಿಗಲಿಲ್ಲ ಅಂದ್ರ ಶ್ರಾವಣದಾಗ ಲಗ್ನ.” ನಾನು ತಲೆಯಾಡಿಸಿದೆ. ಮಾವನೂ ಒಪ್ಪಿದರು. ಸಿಗುವುದಿಲ್ಲ ಎಂಬ ಧೈರ್ಯ ಅವರಿಗೆ.

ಅಂಚೆಯಲ್ಲಿ ಅರ್ಜಿಯ ಜೊತೆ ತೆಳ್ಳನೆಯ ಕೈಪಿಡಿಯೊಂದು ಬಂತು. ಎಲ್ಲವೂ ಇಂಗ್ಲಿಷಿನಲ್ಲಿ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಮೊದಲ ಪುಟದಿಂದ ಕೊನೆಯ ನಿಯಮದವರೆಗೆ ಓದಿದೆ. ಓದಿ ಓದಿ ಬಾಯಿಪಾಠವಾಯಿತು. ಅರ್ಜಿ ತುಂಬಿದೆ. ಅಪ್ಪ ನೀಲಿ ಶಾಯಿ ಪೆನ್ನಿನಲ್ಲಿ ಸಹಿ ಹಾಕಿದರು. ಮರುದಿನವೇ ಕಡೆಯ ದಿನ. ಅರ್ಜಿಯನ್ನು ದೇವರ ಜಗಲಿಯ ಮೇಲಿಟ್ಟು ಪ್ರಯಾಣಕ್ಕೆ ಬಟ್ಟೆ ಜೋಡಿಸಿಕೊಳ್ಳಲು ಹೋದೆ.

ನಮ್ಮ ಮನೆಯಲ್ಲಿ ಒಳ್ಳೆಯ ಕೆಲಸಕ್ಕೆ ಹೊರಟ ಕಾಗದ ಬರಿದಾಗಿ ಹೊಸ್ತಿಲು ದಾಟುವುದಿಲ್ಲ. ನಾಲ್ಕು ಮೂಲೆಗೆ ಅರಿಶಿನ, ನಡುವೆ ಮೂರು ಬೆರಳಿನ ವಿಭೂತಿ. ಅಜ್ಜಿ ಅದನ್ನೇ ಮಾಡಿದರು. ಅರಿಶಿನ ಕಲಸಿ, ಪ್ರೀತಿಯಿಂದ ದಪ್ಪಗೆ ಹಚ್ಚಿ, ಹಸಿ ಆರುವ ಮೊದಲೇ ಮಡಚಿ ಲಕೋಟೆಗೆ ಹಾಕಿ ಕೈಗೆ ಕೊಟ್ಟರು. ನಾನು ಬಿಚ್ಚಿ ನೋಡಲಿಲ್ಲ.

ಕಾಲುವೆಗೆ ನೀರು ಬಿಟ್ಟಿದ್ದರು, ಗದ್ದೆಯಲ್ಲಿ ನಾಟಿ ನಡೆದಿತ್ತು, ಅಪ್ಪ ಬರುವಂತಿರಲಿಲ್ಲ. ಸಿರುಗುಪ್ಪದವರೆಗೆ ಟ್ರ್ಯಾಕ್ಟರ್, ಅಲ್ಲಿಂದ ಬಸ್ಸು. ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಮಾವ ಕಾಯುತ್ತಿದ್ದರು. ಹೆಣ್ಣುಮಗಳು ಒಬ್ಬಳೇ ಕಚೇರಿಗೆ ಹೋಗಬಾರದಲ್ಲ!

ಕಚೇರಿಯಲ್ಲಿ ಗುಮಾಸ್ತರು ಲಕೋಟೆ ತೆರೆದರು. ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ ನೋಡಿದರೆ ಅಪ್ಪನ ಸಹಿ ಇದ್ದ ಕಡೆ ಹಸಿರು ಕಲೆ.

“ಏನಮ್ಮ, ಲಗ್ನಪತ್ರಿಕೆ ಕೊಡಾಕ ಬಂದೀಯೇನು?” ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ.

ಅಜ್ಜಿಯ ಮೇಲೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಆದರೆ ಆ ನಗು ಕೇಳಿದ ಮೇಲೆ ನನ್ನ ಸಿಟ್ಟೆಲ್ಲ ನಕ್ಕವರ ಮೇಲೆ ತಿರುಗಿತು. ಅವರ ಮನೆಗಳಲ್ಲಿ ಅಜ್ಜಿಯರಿರಲಿಲ್ಲವೇ?

“ಸಹಿ ಅಳಿಸೇತಿ. ಇದನ್ನ ತಗೊಳಾಕ ಬರಂಗಿಲ್ಲ,” ಎಂದರು ಗುಮಾಸ್ತರು. “ಹೊಸಾದು ಕೊಡತೀನಿ, ಐದು ಗಂಟಿ ಒಳಗ ತುಂಬಿ ಕೊಡು. ತಂದಿ ಸಹಿ ಬೇಕು, ಇಲ್ಲಾ ಪೋಷಕರದು.” ಮಾವನ ಕಡೆ ನೋಡಿ, “ಇವರು ಹಾಕಬಹುದು,” ಎಂದೂ ಸೇರಿಸಿದರು.

ನಾನು ಪೆನ್ನು ಚಾಚಿದೆ. ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ದೇವ್ರೇ ಬ್ಯಾಡ ಅಂದಾನ. ನಡೀಲೇ, ಬಸ್ಸಿಗೆ ಹೊತ್ತಾತು. ಎರಡು ಬೀರು ಇಟ್ಕೊಂಡು ಇದೂ ಒಂದು ಯೂನಿವರ್ಸಿಟಿಯಂತ!”

ಆಗ ನನಗೆ ಕೈಪಿಡಿಯ ಹನ್ನೊಂದನೆಯ ಪುಟ ನೆನಪಾಯಿತು. ಅಭ್ಯರ್ಥಿ ವಯಸ್ಕರಲ್ಲದಿದ್ದರೆ ಮಾತ್ರ ಪೋಷಕರ ಸಹಿ ಬೇಕು ಎಂದು ಅಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅಪ್ಪನ ಸಹಿ ಹಾಕಿಸುವಾಗಲೂ ಆ ನಿಯಮ ನನಗೆ ಗೊತ್ತಿತ್ತು. ಆದರೂ ಹಾಕಿಸಿದ್ದೆ, ಹಾಕಿಸದೆಯೂ ಇರಬಹುದು ಎಂಬ ಯೋಚನೆಯೇ ಬಂದಿರಲಿಲ್ಲ. ಸಾಲಿನಲ್ಲಿದ್ದ ಗಂಡುಮಕ್ಕಳೂ ಅಪ್ಪಂದಿರ ಸಹಿ ಹೊತ್ತುಕೊಂಡೇ ಬಂದಿದ್ದರು.

ಹೊಸ ಅರ್ಜಿಯನ್ನು ಅಲ್ಲೇ ನಿಂತು ತುಂಬಿದೆ. ಪೋಷಕರ ಹೆಸರು ಎಂಬಲ್ಲಿ ನನ್ನ ಹೆಸರು ಬರೆದೆ. ಅಭ್ಯರ್ಥಿಗೆ ಏನಾಗಬೇಕು ಎಂಬಲ್ಲಿ ‘ನಾನೇ’ ಎಂದು ಬರೆದು ಸಹಿ ಹಾಕಿದೆ.

“ಹಿಂಗ ಯಾರೂ ಬರಿಯಂಗಿಲ್ಲಮ್ಮ,” ಎಂದರು ಗುಮಾಸ್ತರು.

“ಬರೀಬಾರ್ದು ಅಂತ ಎಲ್ಲಿ ಐತ್ರಿ? ನಿಮ್ಮ ಪುಸ್ತಕದ ಹನ್ನೊಂದನೇ ಪುಟ ತೆಗೀರಿ. ನಾ ಮೇಜರ್ ಅದೀನಿ.”

ಅವರು ಪುಟ ತೆಗೆದು ಓದಿದರು. ಇನ್ನೊಮ್ಮೆ ಓದಿದರು. “ಇದನ್ನ ಪೂರ್ತಿ ಓದಿದಾಕಿ ನೀನೊಬ್ಬಾಕಿ ನೋಡು,” ಎಂದು ಮೊಹರು ಒತ್ತಿದರು. ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ.

ಹೊರಗೆ ಬರುವಷ್ಟರಲ್ಲಿ ಮಾವನ ಮುಖ ಕೆಂಪೇರಿತ್ತು. “ಅರ್ಜಿ ಕೊಟ್ಟಾಕ್ಷಣ ಸೀಟು ಸಿಕ್ಕಂಗಲ್ಲ. ನಿಮ್ಮಪ್ಪ ಆಡಿದ ಮಾತು ನೆನಪೈತಿಲ್ಲೋ? ಶ್ರಾವಣ ದೂರ ಇಲ್ಲ.”

ಅವರು ಹೇಳಿದ್ದು ನಿಜವೇ. ಸೀಟು ಸಿಗುವುದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಆದರೆ ಅಪ್ಪ ಹಾಕಿದ ಷರತ್ತಿಗೆ ನಾನೇಕೆ ತಲೆಯಾಡಿಸಿದ್ದೆ ಎಂದು ಆ ಬಿಸಿಲಲ್ಲಿ ನಿಂತಾಗ ನನ್ನ ಮೇಲೆಯೇ ನನಗೆ ನಾಚಿಕೆಯಾಯಿತು.

“ಸಿಕ್ರ ಓದತೀನಿ, ಮಾವ. ಸಿಗಲಿಲ್ಲ ಅಂದ್ರ ಮುಂದಿನ ವರ್ಷ ಮತ್ತ ಅರ್ಜಿ ಹಾಕತೀನಿ. ನಿಮ್ಮ ಮಗನ್ನ ಮಾತ್ರ ಲಗ್ನ ಆಗಂಗಿಲ್ಲ. ಅಪ್ಪಗ ನೀವೇನೂ ಹೇಳಾಕ ಹೋಗಬ್ಯಾಡ್ರಿ, ನಾನ ಹೇಳತೀನಿ.”